ಡ್ಯಾನಿಶ್ ಉದ್ದಪದಗಳು ಸಾಲಿನ ಕೊನೆಗೆ ಅಡ್ಡಾದಿಡ್ಡಿ ತುಂಡಾಗುತ್ತಿದ್ದವು: ಸರಿಮಾಡಿದ್ದು ಹೀಗೆ

ಕೋಪನ್‌ಹೇಗನ್‌ನಲ್ಲಿ ಮೂರು ಕಾಲಮ್ಮಿನ ಕರಪತ್ರವೊಂದನ್ನು ವರ್ಡ್‌ನಲ್ಲಿ ಜೋಡಿಸುತ್ತಿದ್ದೆ. 'ಸುಂಡ್‌ಹೆಡ್ಸ್‌ಫೊರ್‌ಸಿಕ್ರಿಂಗ್' (ಆರೋಗ್ಯವಿಮೆ) ಥರದ ಪದಗಳು ಎಲ್ಲೆಂದರಲ್ಲಿ ಮುರಿಯುತ್ತಿದ್ದವು. ಕಾರಣ ಸರಳ: ವರ್ಡ್‌ನಲ್ಲಿ ಪಠ್ಯದ ಭಾಷೆ ಇಂಗ್ಲಿಷ್ ಎಂದಿತ್ತು, ಹಾಗಾಗಿ ಪದಗಳನ್ನು ಅದು ಇಂಗ್ಲಿಷ್ ನಿಯಮದಂತೆ ಮುರಿಯುತ್ತಿತ್ತು. ಎಲ್ಲವನ್ನೂ ಸೆಲೆಕ್ಟ್ ಮಾಡಿ ಪ್ರೂಫಿಂಗ್ ಭಾಷೆಯನ್ನು ಡ್ಯಾನಿಶ್‌ಗೆ ಬದಲಿಸಿದೆ, ಬಹುಪಾಲು ಸರಿಹೋಯಿತು.

ಉಳಿದವನ್ನು ಕೈಯಾರೆ ಬಿಡಿಸಬೇಕಾಯಿತು. ಇಲ್ಲಿ ಹಿಡಿಯಬೇಕಾದ್ದು ನಡುವಿನ 'ಸ್'. ಅದು ಸಮಾಸದ ಬೆಸುಗೆ, ಯಾವಾಗಲೂ ಹಿಂದಿನ ಪದಕ್ಕೇ ಅಂಟಿರುತ್ತದೆ. ಹಾಗಾಗಿ 'ಸುಂಡ್‌ಹೆಡ್ಸ್-ಫೊರ್‌ಸಿಕ್ರಿಂಗ್', 'ಸುಂಡ್‌ಹೆಡ್-ಸ್ಫೊರ್...' ಅಂತೂ ಅಲ್ಲವೇ ಅಲ್ಲ. ಸ್ವಾರಸ್ಯವೆಂದರೆ, ವೈನ್ ಲೋಟ ಬರೀ 'ವೀನ್‌ಗ್ಲಾಸ್', ಕೆಂಪು ವೈನಿನದ್ದು ಮಾತ್ರ 'ರೋಡ್‌ವೀನ್ಸ್‌ಗ್ಲಾಸ್'. ಮೊದಲ ಭಾಗವೇ ಸಮಾಸವಾಗಿದ್ದರೆ ಹೆಚ್ಚಾಗಿ ಈ 'ಸ್' ಬಂದು ದೊಡ್ಡ ಕೀಲು ಎಲ್ಲಿದೆ ಎಂದು ತೋರಿಸಿಕೊಡುತ್ತದೆ. ನಮ್ಮ ಆಗಮಸಂಧಿಗೆ ಇಷ್ಟು ಉಪಕಾರಬುದ್ಧಿ ಇಲ್ಲ ಬಿಡಿ! ಎಲ್ಲ ಪದಕ್ಕೂ 'ಸ್' ಬರುವುದಿಲ್ಲ: 'ಯೂಲೆ-ಟ್ರೆ' (ಕ್ರಿಸ್‌ಮಸ್ ಮರ) ಎಂಬಲ್ಲಿ ಬೆಸುಗೆ 'ಎ'. ಅದೂ ಹಿಂದಿನ ಭಾಗದ್ದೇ.

ಕೀಲು ಸಿಕ್ಕಲ್ಲಿ ಕರ್ಸರ್ ಇಟ್ಟು ಕಂಟ್ರೋಲ್ ಜೊತೆ ಹೈಫನ್ ಒತ್ತಿದೆ. ಮಾಮೂಲಿ ಹೈಫನ್ ಬೇಡ. ಪಠ್ಯ ಸರಿದಾಗ ಅದು ಸಾಲಿನ ಮಧ್ಯೆ ಉಳಿದುಬಿಡುತ್ತದೆ. ಇದಾದರೆ ಪದ ಮುರಿದಾಗ ಮಾತ್ರ ಅಚ್ಚಾಗುತ್ತದೆ.