ಮರೆವಿಗೆ ಮದ್ದು ಹುಡುಕುವ ಮುನ್ನ: ನೆನಪು ಎಲ್ಲಿ ಕೈಕೊಟ್ಟಿತೆಂದು ಗುರುತಿಸುವ ಬಗೆ

‘ಮರೆತೆ’ ಎಂಬ ಒಂದೇ ಮಾತನ್ನು ನಾವು ಒಂದಕ್ಕೊಂದು ಸಂಬಂಧವಿಲ್ಲದ ಹಲವು ಸಂಗತಿಗಳಿಗೆ ಬಳಸುತ್ತೇವೆ. ಬೀಗದ ಕೈಯನ್ನು ಎಲ್ಲಿಟ್ಟೆನೆಂದು ತಿಳಿಯದಿರುವುದು, ಎದುರಿಗೆ ನಿಂತ ಪರಿಚಿತರ ಹೆಸರು ಬಾಯಿಗೆ ಬಾರದಿರುವುದು, ದಿನವಿಡೀ ಕುಳಿತು ಓದಿದ ಪಾಠ ವಾರದೊಳಗೆ ಅಳಿಸಿಹೋಗುವುದು, ಸಂಜೆ ಒಬ್ಬರಿಗೆ ಫೋನ್ ಮಾಡಬೇಕೆಂದುಕೊಂಡು ಮಾಡದೇ ಬಿಡುವುದು, ಇವೆಲ್ಲಕ್ಕೂ ನಾವಿಟ್ಟ ಹೆಸರು ಒಂದೇ. ಆದರೆ ಈ ನಾಲ್ಕೂ ನೆನಪಿನ ದಾರಿಯಲ್ಲಿ ನಾಲ್ಕು ಬೇರೆ ಬೇರೆ ಕಡೆ ಆಗುವ ಎಡವಟ್ಟುಗಳು; ಒಂದಕ್ಕೆ ಹೊಂದುವ ಉಪಾಯ ಇನ್ನೊಂದಕ್ಕೆ ಕೆಲಸಕ್ಕೆ ಬಾರದು. ಬೀಗದ ಕೈ ಕಳೆದುಕೊಳ್ಳುವವರು ಎಷ್ಟು ಪುನರಾವರ್ತನೆ ಮಾಡಿದರೂ ಲಾಭವಿಲ್ಲ, ಪಾಠ ಮರೆಯುವವರು ಬರೀ ಏಕಾಗ್ರತೆಯಿಂದ ಓದಿದರೆ ಸಾಲದು. ಆದ್ದರಿಂದ ‘ನನ್ನ ಜ್ಞಾಪಕಶಕ್ತಿಯೇ ಕಡಿಮೆ’ ಎಂದು ನಿಟ್ಟುಸಿರು ಬಿಡುವ ಮೊದಲು, ಈ ಸಲ ನೆನಪು ಯಾವ ಹಂತದಲ್ಲಿ ಕೈಕೊಟ್ಟಿತು ಎಂದು ಕೇಳಿಕೊಳ್ಳುವುದನ್ನು ರೂಢಿ ಮಾಡಿಕೊಳ್ಳಬೇಕು. ಈ ಬರಹದ ಉದ್ದೇಶ ಅದನ್ನು ತೋರಿಸಿಕೊಡುವುದು.

ಮುಂದುವರಿಯುವ ಮುನ್ನ ಒಂದು ಸಣ್ಣ ಪ್ರಯೋಗ. ಈ ಪದಗಳನ್ನು ಅವಸರವಿಲ್ಲದೆ ಒಂದೇ ಒಂದು ಸಲ ಓದಿ: ಹಾಸಿಗೆ, ದಿಂಬು, ಆಕಳಿಕೆ, ಕನಸು, ಹೊದಿಕೆ, ಜೋಗುಳ, ಗೊರಕೆ, ರಾತ್ರಿ, ಮಂಪರು, ದಣಿವು. ಮತ್ತೆ ಇತ್ತ ತಿರುಗಿ ನೋಡಬೇಡಿ. ಇದರ ವಿಚಾರ ಆಮೇಲೆ ಬರುತ್ತದೆ.

ನೆನಪಿನ ಮೂರು ಹಂತಗಳು

ನೆನಪಿಡುವುದೆಂದರೆ ಮೂರು ಕೆಲಸಗಳು ಕೂಡಿ ಆಗುವುದು. ಸಂಗತಿಯನ್ನು ಒಳಗೆ ತೆಗೆದುಕೊಳ್ಳುವುದು ಗ್ರಹಿಕೆ, ಅದನ್ನು ಉಳಿಸಿಕೊಳ್ಳುವುದು ಧಾರಣೆ, ಬೇಕಾದಾಗ ಹೊರಗೆ ತರುವುದು ಸ್ಮರಣೆ. ಮೊದಲ ಹಂತದಲ್ಲಿ ಕೈಯಲ್ಲಿ ಹಿಡಿದುಕೊಳ್ಳಬಹುದಾದದ್ದು ಬಹಳ ಕಡಿಮೆ. ಜಾರ್ಜ್ ಮಿಲ್ಲರ್ ಅವರು 1956ರಲ್ಲಿ ಈ ಮಿತಿಯನ್ನು ಸುಮಾರು ಏಳು ಅಂಶಗಳೆಂದು ಸೂಚಿಸಿದರು. ಮುಂದೆ 2001ರಲ್ಲಿ ನೆಲ್ಸನ್ ಕೋವನ್ ಅವರು ಅದು ನಾಲ್ಕರ ಆಸುಪಾಸಿನಲ್ಲಿದೆ ಎಂದು ವಾದಿಸಿದರು. ಹತ್ತಂಕಿಯ ಫೋನ್ ಸಂಖ್ಯೆಯನ್ನು ನಾವು ಎರಡು ಮೂರು ತುಂಡುಗಳಾಗಿ ಒಡೆದು ಹೇಳುವುದು ಇದೇ ಕಾರಣಕ್ಕೆ.

ಈ ಹಂತಗಳು ಬೇರೆ ಬೇರೆ ಎಂಬುದು ಸ್ಪಷ್ಟವಾದದ್ದು ಒಬ್ಬ ಮನುಷ್ಯನ ದುರಂತದಿಂದ. ಅಮೆರಿಕದ ಹೆನ್ರಿ ಮೊಲೈಸನ್ ಅವರಿಗೆ 1953ರಲ್ಲಿ, 27ನೆಯ ವಯಸ್ಸಿನಲ್ಲಿ, ತೀವ್ರ ಮೂರ್ಛೆರೋಗವನ್ನು ತಡೆಯುವ ಸಲುವಾಗಿ ಮಿದುಳಿನ ಶಸ್ತ್ರಚಿಕಿತ್ಸೆ ಮಾಡಿ, ಎರಡೂ ಬದಿಯ ಹಿಪೊಕ್ಯಾಂಪಸ್ ಎಂಬ ಭಾಗದ ಬಹುಪಾಲನ್ನು ತೆಗೆದುಹಾಕಲಾಯಿತು. ಮೂರ್ಛೆ ಬರುವುದು ಕಡಿಮೆಯಾಯಿತು, ಬುದ್ಧಿಶಕ್ತಿ ಕುಗ್ಗಲಿಲ್ಲ, ಬಾಲ್ಯದ ನೆನಪುಗಳೂ ಉಳಿದವು. ಆದರೆ ಅಂದಿನಿಂದ 2008ರಲ್ಲಿ ತೀರಿಕೊಳ್ಳುವವರೆಗೂ ಹೊಸದಾಗಿ ನಡೆದ ಯಾವ ಘಟನೆಯೂ ಅವರಲ್ಲಿ ನಿಲ್ಲಲಿಲ್ಲ ಎಂದೇ ಹೇಳಬಹುದು. ಅವರನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಬ್ರೆಂಡಾ ಮಿಲ್ನರ್ ಅವರು, ಕನ್ನಡಿಯಲ್ಲಿ ಮಾತ್ರ ನೋಡಿಕೊಂಡು ನಕ್ಷತ್ರದ ಆಕಾರವನ್ನು ಗೆರೆಯೊಳಗೆ ಬರೆಯುವ ಕೆಲಸವನ್ನು ಅವರಿಗೆ ಕೊಟ್ಟಾಗ, ದಿನದಿಂದ ದಿನಕ್ಕೆ ಅವರ ಕೈ ಪಳಗುತ್ತಾ ಹೋಯಿತು. ಆ ಕೆಲಸವನ್ನು ಹಿಂದೆ ಮಾಡಿದ್ದೇ ಅವರಿಗೆ ನೆನಪಿರಲಿಲ್ಲ. ಘಟನೆಯ ನೆನಪು ಬೇರೆ, ಕೈಗೆ ಹತ್ತಿದ ವಿದ್ಯೆ ಬೇರೆ ಎಂಬುದು ಇದರಿಂದ ತಿಳಿಯಿತು. ಇಂದು ನೆನಪಿನ ಬಗ್ಗೆ ನಮಗಿರುವ ತಿಳಿವಳಿಕೆಯ ದೊಡ್ಡ ಪಾಲು ಆ ಒಬ್ಬ ವ್ಯಕ್ತಿಯ ತಾಳ್ಮೆಗೆ ಋಣಿಯಾಗಿದೆ ಎಂಬುದನ್ನು ನಾನು ಗೌರವದಿಂದಲೇ ನೆನೆಯುತ್ತೇನೆ.

ಒಳಗೇ ಹೋಗದಿದ್ದದ್ದು

ದಿನನಿತ್ಯದ ಮರೆವಿನಲ್ಲಿ ಬಹಳಷ್ಟು ವಾಸ್ತವವಾಗಿ ಮರೆವೇ ಅಲ್ಲ, ಏಕೆಂದರೆ ಆ ಸಂಗತಿ ಮನಸ್ಸಿಗೆ ಹೋಗಿಯೇ ಇರುವುದಿಲ್ಲ. ಒಮ್ಮೆ ನಾನು ಮನೆಯ ಬಾಗಿಲು ತೆರೆಯುತ್ತಿದ್ದಂತೆ ಫೋನ್ ರಿಂಗಾಯಿತು. ಎಡಗೈಯಲ್ಲಿ ಚೀಲ, ಬಲಗೈಯಲ್ಲಿ ಬೀಗದ ಕೈ. ಫೋನ್ ತೆಗೆಯುವ ಗಡಿಬಿಡಿಯಲ್ಲಿ ಬಲಗೈಯನ್ನು ಎಲ್ಲೋ ಖಾಲಿ ಮಾಡಿಕೊಂಡೆ, ಮಾತು ಮುಗಿಸಿದೆ, ಮರುದಿನ ಬೆಳಿಗ್ಗೆ ಅರ್ಧ ಗಂಟೆ ಮನೆಯೆಲ್ಲ ಜಾಲಾಡಿದೆ. ಬೀಗದ ಕೈ ಪುಸ್ತಕದ ಕಪಾಟಿನಲ್ಲಿ, ಸಾಲಾಗಿ ನಿಂತ ಪುಸ್ತಕಗಳ ಮುಂದಿನ ಒಂದಂಗುಲ ಜಾಗದಲ್ಲಿ ಸಿಕ್ಕಿತು. ಅದನ್ನು ನೋಡಿದ ಮೇಲೂ ‘ಹೌದು, ಇಲ್ಲಿಟ್ಟಿದ್ದೆ’ ಎಂಬ ಭಾವನೆ ಬರಲೇ ಇಲ್ಲ. ಈ ಹಂತದ ಸೋಲಿಗೆ ಅದೇ ಗುರುತು: ವಸ್ತು ಸಿಕ್ಕ ಮೇಲೂ ನೆನಪು ಮರುಕಳಿಸದಿದ್ದರೆ, ಅದು ದಾಖಲಾಗಿಯೇ ಇರಲಿಲ್ಲ ಎಂದು ತಿಳಿಯಬೇಕು.

ಸಾವಿರ ಸಲ ಕಣ್ಣಿಗೆ ಬಿದ್ದರೂ ಗಮನ ಹೋಗದ್ದು ಉಳಿಯುವುದಿಲ್ಲ. 1979ರಲ್ಲಿ ರೇಮಂಡ್ ನಿಕರ್ಸನ್ ಮತ್ತು ಮರ್ಲಿನ್ ಆಡಮ್ಸ್ ಅವರು, ಅಮೆರಿಕದ ಜನರು ನಿತ್ಯ ಬಳಸುವ ಒಂದು ಸೆಂಟ್ ನಾಣ್ಯದ ಸರಿಯಾದ ಚಿತ್ರವನ್ನು ತಪ್ಪು ಚಿತ್ರಗಳ ನಡುವೆ ಇಟ್ಟು ಗುರುತಿಸಲು ಹೇಳಿದಾಗ, ಸರಿಯಾಗಿ ಗುರುತಿಸಿದವರು ಅರ್ಧಕ್ಕಿಂತ ಕಡಿಮೆ.

ಇಲ್ಲಿ ಮಾಡಬೇಕಾದದ್ದು ಸರಳ. ಬೀಗದ ಕೈ, ಕನ್ನಡಕ, ಪರ್ಸು ಇವಕ್ಕೆ ಒಂದೊಂದು ಖಾಯಂ ಜಾಗ ಗೊತ್ತುಮಾಡಿ, ಆಗ ನೆನಪಿಡುವ ಕೆಲಸವೇ ಇರುವುದಿಲ್ಲ. ಬೇರೆ ಕಡೆ ಇಡಲೇಬೇಕಾದಾಗ ‘ಬೀಗದ ಕೈಯನ್ನು ಕಪಾಟಿನ ಮೇಲೆ ಇಡುತ್ತಿದ್ದೇನೆ’ ಎಂದು ಬಾಯಿಬಿಟ್ಟು ಹೇಳಿ. ಆ ಒಂದು ಕ್ಷಣದ ಗಮನವೇ ಸಾಕಾಗುತ್ತದೆ. ಹೊಸಬರ ಹೆಸರಿನ ವಿಚಾರವೂ ಹೀಗೆಯೇ. ಅವರು ಹೆಸರು ಹೇಳುತ್ತಿರುವಾಗ ನಾವು ಮುಂದೆ ಏನು ಮಾತಾಡುವುದೆಂದು ಯೋಚಿಸುತ್ತಿರುತ್ತೇವೆ. ಹೆಸರನ್ನು ಕೇಳಿದ ಕೂಡಲೇ ಅದನ್ನು ಒಮ್ಮೆ ಉಚ್ಚರಿಸಿ, ಮಾತಿನ ನಡುವೆ ಇನ್ನೊಮ್ಮೆ ಬಳಸಿ, ಅದೇ ಹೆಸರಿನ ಹಳೆಯ ಪರಿಚಿತರೊಬ್ಬರ ಪಕ್ಕದಲ್ಲಿ ಇವರನ್ನು ಕಲ್ಪಿಸಿಕೊಳ್ಳಿ.

ಒಳಗೆ ಹೋದರೂ ನಿಲ್ಲದಿದ್ದದ್ದು

ಪರೀಕ್ಷೆಗೆ ಓದುವವರ, ಹೊಸ ಭಾಷೆ ಕಲಿಯುವವರ ಸಮಸ್ಯೆ ಇರುವುದು ಇಲ್ಲಿ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅವರು ಅರ್ಥವಿಲ್ಲದ ಅಕ್ಷರಗುಚ್ಛಗಳ ಪಟ್ಟಿಗಳನ್ನು ತಾವೇ ಬಾಯಿಪಾಠ ಮಾಡಿ, ಬೇರೆ ಬೇರೆ ಅಂತರದ ಬಳಿಕ ಅವನ್ನು ಮತ್ತೆ ಕಲಿಯಲು ಎಷ್ಟು ಶ್ರಮ ಉಳಿಯಿತೆಂದು ಅಳೆದು, ಫಲಿತಾಂಶವನ್ನು 1885ರಲ್ಲಿ ಪ್ರಕಟಿಸಿದರು. ಒಂದು ಗಂಟೆ ಕಳೆಯುವಷ್ಟರಲ್ಲಿ ಉಳಿಕೆ ಅರ್ಧಕ್ಕಿಂತ ಕೆಳಗಿಳಿದಿತ್ತು, ಒಂದು ದಿನಕ್ಕೆ ಸುಮಾರು ಮೂರನೆಯ ಒಂದು ಭಾಗಕ್ಕೆ ಬಂದಿತ್ತು, ಆದರೆ 31 ದಿನಗಳಾದ ಮೇಲೂ ಐದನೆಯ ಒಂದು ಭಾಗದಷ್ಟು ಉಳಿದೇ ಇತ್ತು. ಮರೆವು ಮೊದಲು ಕಡಿದಾಗಿ ಇಳಿದು, ಆಮೇಲೆ ನಿಧಾನವಾಗುತ್ತದೆ ಎಂಬುದು ಇದರ ತಾತ್ಪರ್ಯ. ಅರ್ಥವಿರುವ ವಿಷಯ ಇದಕ್ಕಿಂತ ಹೆಚ್ಚು ಕಾಲ ನಿಲ್ಲುತ್ತದೆ, ಆದರೂ ಇಳಿಜಾರಿನ ಸ್ವರೂಪ ಹೆಚ್ಚುಕಡಿಮೆ ಇದೇ.

ಈ ಇಳಿಜಾರನ್ನು ತಡೆಯಲು ಹೆಚ್ಚಿನವರು ಮಾಡುವುದು ಅದೇ ಪುಟವನ್ನು ಮತ್ತೆ ಮತ್ತೆ ಓದುವುದು. ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ ಅವರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂದು ಗುಂಪು ಪಠ್ಯವನ್ನು ಮತ್ತೆ ಓದಿತು, ಇನ್ನೊಂದು ಗುಂಪು ಓದಿದ್ದನ್ನು ನೆನಪಿನಿಂದ ಬರೆಯಿತು. ಐದು ನಿಮಿಷದ ಬಳಿಕ ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ಬಳಿಕ ಕೇಳಿದಾಗ ನೆನಪಿನಿಂದ ಬರೆದವರು ಸ್ಪಷ್ಟವಾಗಿ ಮುಂದಾದರು. ಮತ್ತೆ ಓದಿದಾಗ ಸಾಲುಗಳು ಪರಿಚಿತವೆನಿಸುತ್ತವೆ, ಆ ಪರಿಚಯವನ್ನೇ ನಾವು ಕಲಿಕೆ ಎಂದು ಭ್ರಮಿಸುತ್ತೇವೆ. ಇಡೀ ಬರಹದಲ್ಲಿ ಒಂದೇ ಒಂದು ಸಲಹೆಯನ್ನು ಪಾಲಿಸುವುದಾದರೆ ಇದನ್ನು ಪಾಲಿಸಿ ಎಂದು ಓದುಗರಲ್ಲಿ ನನ್ನ ಕಳಕಳಿಯ ವಿನಂತಿ.

ವಿಧಾನ ಹೀಗಿರಲಿ. ಎರಡು ಮೂರು ಪುಟದ ಒಂದು ಭಾಗವನ್ನು ಅರ್ಥಮಾಡಿಕೊಂಡು ಓದಿ, ಪುಸ್ತಕ ಮುಚ್ಚಿ, ಖಾಲಿ ಹಾಳೆಯಲ್ಲಿ ನೆನಪಿದ್ದಷ್ಟನ್ನು ನಿಮ್ಮದೇ ಮಾತಿನಲ್ಲಿ ಬರೆಯಿರಿ. ಮೊದಲ ಕೆಲವು ಸಾಲುಗಳಾದ ಮೇಲೆ ಕೈ ನಿಂತುಹೋಗುತ್ತದೆ; ಕೂಡಲೇ ಪುಸ್ತಕ ತೆರೆಯದೆ ಇನ್ನೂ ಒಂದೆರಡು ನಿಮಿಷ ತಡಕಾಡಿ, ಏಕೆಂದರೆ ಆ ತಡಕಾಟವೇ ನೆನಪನ್ನು ಗಟ್ಟಿಮಾಡುವ ವ್ಯಾಯಾಮ. ಆಮೇಲೆ ಪುಸ್ತಕ ತೆರೆದು, ಬಿಟ್ಟುಹೋದದ್ದನ್ನೂ ತಪ್ಪಿದ್ದನ್ನೂ ಬೇರೆ ಬಣ್ಣದ ಶಾಯಿಯಲ್ಲಿ ಸೇರಿಸಿ. ಮರುದಿನ ಹೊಸ ಹಾಳೆಯಲ್ಲಿ ಇದನ್ನೇ ಮತ್ತೊಮ್ಮೆ ಮಾಡಿ, ಬಳಿಕ ಮೂರು ನಾಲ್ಕು ದಿನ ಬಿಟ್ಟು, ಆಮೇಲೆ ವಾರ ಬಿಟ್ಟು, ತಿಂಗಳು ಬಿಟ್ಟು. ಒಂದೇ ದಿನ ಐದು ಗಂಟೆ ಉರು ಹೊಡೆಯುವುದಕ್ಕಿಂತ ಐದು ದಿನ ಒಂದೊಂದು ಗಂಟೆ ಹೀಗೆ ಕುಳಿತರೆ ಹೆಚ್ಚು ಉಳಿಯುತ್ತದೆ. ಎರಡನೆಯ ಹಾಳೆಯಲ್ಲಿ ಬಣ್ಣದ ಶಾಯಿ ಕಡಿಮೆಯಾಗಿರುವುದನ್ನು ಕಣ್ಣಾರೆ ಕಂಡಾಗ ಸಿಗುವ ಧೈರ್ಯವೂ ಸಣ್ಣದಲ್ಲ.

ಇದ್ದರೂ ಕೈಗೆ ಸಿಗದಿದ್ದದ್ದು

‘ನಾಲಿಗೆಯ ತುದಿಯಲ್ಲೇ ಇದೆ’ ಎಂದು ನಾವು ಹೇಳುವ ಸ್ಥಿತಿ ಇದು. ರೋಜರ್ ಬ್ರೌನ್ ಮತ್ತು ಡೇವಿಡ್ ಮೆಕ್ನೀಲ್ ಅವರು 1966ರಲ್ಲಿ ಅಪರೂಪದ ಪದಗಳ ಅರ್ಥವನ್ನು ಓದಿ ಹೇಳಿ ಪದವನ್ನು ಕೇಳಿದಾಗ, ಪದ ಬಾಯಿಗೆ ಬಾರದವರೂ ಅದರ ಮೊದಲ ಅಕ್ಷರವನ್ನು, ಎಷ್ಟು ಉಚ್ಚಾರಾಂಶಗಳಿವೆ ಎಂಬುದನ್ನು ಹಲವು ಸಲ ಸರಿಯಾಗಿಯೇ ಹೇಳಿದರು. ನೆನಪು ಇದೆ, ಅದನ್ನು ಎಳೆದು ತರುವ ಸುಳಿವು ಇಲ್ಲ. ಆದ್ದರಿಂದ ಹಟಕ್ಕೆ ಬಿದ್ದು ತಲೆ ಕೆರೆದುಕೊಳ್ಳುವ ಬದಲು ಸುಳಿವನ್ನು ಒದಗಿಸಬೇಕು: ಆ ವ್ಯಕ್ತಿಯನ್ನು ಕೊನೆಯ ಸಲ ಎಲ್ಲಿ ಕಂಡಿರಿ, ಜೊತೆಗೆ ಯಾರಿದ್ದರು ಎಂದು ಚಿತ್ರಿಸಿಕೊಳ್ಳಿ, ವರ್ಣಮಾಲೆಯನ್ನು ಅ, ಆ ಇಂದ ಶುರುಮಾಡಿ ನಿಧಾನವಾಗಿ ಹೇಳುತ್ತಾ ಹೋಗಿ, ಸರಿಯಾದ ಅಕ್ಷರ ಬಂದಾಗ ಹೆಸರು ಥಟ್ಟನೆ ಹೊಳೆಯುವುದುಂಟು. ತಪ್ಪು ಹೆಸರೊಂದು ಅಡ್ಡ ಬಂದು ಕುಳಿತಿದ್ದರೆ ಬೇರೆ ಕೆಲಸಕ್ಕೆ ತೊಡಗಿ. ಅದು ಸರಿದ ಮೇಲೆ ಸರಿಯಾದದ್ದು ತಾನಾಗಿ ಬರುತ್ತದೆ. ಕೋಣೆಗೆ ಬಂದು ಏಕೆ ಬಂದೆನೆಂದು ತೋಚದೆ ನಿಂತವರು ಹೊರಟ ಜಾಗಕ್ಕೆ ಹಿಂದಿರುಗಿದರೆ ನೆನಪಾಗುವುದೂ ಸುಳಿವಿನ ಮಹಿಮೆಯೇ.

ಮುಂದೆ ಮಾಡಬೇಕಾದದ್ದನ್ನು ನೆನಪಿಡುವುದು ಇದರ ಇನ್ನೊಂದು ಮುಖ. ‘ಸಂಜೆ ಫೋನ್ ಮಾಡಬೇಕು’ ಎಂಬ ನಿರ್ಧಾರಕ್ಕೆ ಸುಳಿವೇ ಇಲ್ಲ, ಏಕೆಂದರೆ ಸಂಜೆ ಎಂಬುದು ಬಂದು ಭುಜ ತಟ್ಟುವುದಿಲ್ಲ. ‘ಕಚೇರಿಯಿಂದ ಬಂದು ಚಪ್ಪಲಿ ಬಿಟ್ಟ ಕೂಡಲೇ ಫೋನ್ ಮಾಡುತ್ತೇನೆ’ ಎಂದು ಖಚಿತವಾಗಿ ಆಗಿಯೇ ಆಗುವ ಒಂದು ಕೆಲಸಕ್ಕೆ ಗಂಟುಹಾಕಿ. ಔಷಧಿಯನ್ನು ಹಲ್ಲುಜ್ಜುವ ಬ್ರಷ್‌ನ ಪಕ್ಕದಲ್ಲಿಡಿ, ಒಯ್ಯಬೇಕಾದ ಕಾಗದಪತ್ರವನ್ನು ಬಾಗಿಲಿಗೆ ಅಡ್ಡವಾಗಿಡಿ, ಉಳಿದದ್ದನ್ನು ಬರೆದಿಡಿ. ಬರೆದಿಡುವುದು ದುರ್ಬಲತೆಯ ಲಕ್ಷಣವೆಂದು ಸಂಕೋಚಪಡುವವರನ್ನು ಕಂಡಿದ್ದೇನೆ. ಅವರ ಸಂಕೋಚಕ್ಕೆ ಯಾವ ಆಧಾರವೂ ಇಲ್ಲ.

ನಡೆಯದಿದ್ದದ್ದು ನೆನಪಾದಾಗ

ಈಗ ಆರಂಭದ ಪಟ್ಟಿಯ ವಿಚಾರ. ಹಿಂದಿರುಗಿ ನೋಡದೆ, ನೆನಪಿರುವ ಪದಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ಬರೆದಾಯಿತೇ? ಅದರಲ್ಲಿ ‘ನಿದ್ದೆ’ ಎಂಬ ಪದವಿದ್ದರೆ, ಅಥವಾ ಅದು ಪಟ್ಟಿಯಲ್ಲಿತ್ತು ಎಂದು ಈಗ ಅನಿಸುತ್ತಿದ್ದರೆ, ನಿಮ್ಮ ಮನಸ್ಸು ಓದದೇ ಇದ್ದ ಪದವನ್ನು ನೆನಪೆಂದು ಒಪ್ಪಿಸಿದೆ. ಜೇಮ್ಸ್ ಡೀಸ್ ಅವರು 1959ರಲ್ಲಿ ವಿವರಿಸಿದ, ಹೆನ್ರಿ ರೋಡಿಗರ್ ಮತ್ತು ಕ್ಯಾಥ್ಲೀನ್ ಮೆಕ್‌ಡರ್ಮಟ್ ಅವರು 1995ರಲ್ಲಿ ಮುಂದುವರಿಸಿದ ಪ್ರಯೋಗದ ಮಾದರಿ ಇದು. ನೆನಪು ಎಂಬುದು ಪೆಟ್ಟಿಗೆಯಿಂದ ತೆಗೆದ ಫೋಟೊ ಆಗಿರದೆ, ಉಳಿದ ತುಣುಕುಗಳನ್ನು ಜೋಡಿಸಿ ಪ್ರತಿಸಲ ಹೊಸದಾಗಿ ಕಟ್ಟುವ ಕಥನವಾಗಿರುವುದರಿಂದ, ತುಣುಕು ಸಾಲದ ಕಡೆ ಮನಸ್ಸು ತನಗೆ ಸಹಜವೆನಿಸಿದ್ದನ್ನು ತುಂಬುತ್ತದೆ.

ಕೇಳುವ ಪ್ರಶ್ನೆಯೂ ಹೀಗೆ ಒಳಸೇರಬಲ್ಲದು. ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಅವರು 1974ರಲ್ಲಿ ಕಾರು ಅಪಘಾತದ ಚಿತ್ರೀಕರಣವನ್ನು ತೋರಿಸಿ, ಕಾರುಗಳು ಒಂದಕ್ಕೊಂದು ‘ತಾಗಿದಾಗ’ ಎಷ್ಟು ವೇಗದಲ್ಲಿದ್ದವು ಎಂದು ಕೆಲವರನ್ನೂ, ‘ಅಪ್ಪಳಿಸಿದಾಗ’ ಎಷ್ಟು ವೇಗದಲ್ಲಿದ್ದವು ಎಂದು ಕೆಲವರನ್ನೂ ಕೇಳಿದರು. ಅಪ್ಪಳಿಸಿದಾಗ ಎಂಬ ಮಾತು ಕೇಳಿದವರು ಹೆಚ್ಚಿನ ವೇಗ ಹೇಳಿದರು. ಇಂಥದ್ದೇ ಇನ್ನೊಂದು ಪ್ರಯೋಗದಲ್ಲಿ, ಒಂದು ವಾರದ ಬಳಿಕ, ಚಿತ್ರದಲ್ಲಿ ಇಲ್ಲದಿದ್ದ ಒಡೆದ ಗಾಜನ್ನು ಕಂಡೆವೆಂದು ಹೇಳಿದವರೂ ಅವರಲ್ಲೇ ಹೆಚ್ಚು.

ಆದ್ದರಿಂದ ಅಪಘಾತ, ಜಗಳ, ಮುಖ್ಯವಾದ ಮಾತುಕತೆ ಏನೇ ಇರಲಿ, ಅದೇ ದಿನ, ಇತರರೊಂದಿಗೆ ಚರ್ಚಿಸುವ ಮೊದಲೇ, ಕಂಡದ್ದನ್ನು ದಿನಾಂಕ ಸಮೇತ ಬರೆದಿಡಿ. ಮಕ್ಕಳನ್ನು ವಿಚಾರಿಸುವಾಗ ‘ಅವನು ಹೊಡೆದನಾ?’ ಎಂದು ಕೇಳದೆ ‘ಏನಾಯಿತು, ಹೇಳು’ ಎಂದು ಕೇಳಿ ಸುಮ್ಮನೆ ಕಾಯಿರಿ. ಹಳೆಯ ಮಾತಿನ ಬಗ್ಗೆ ಇಬ್ಬರ ನೆನಪು ಬೇರೆಯಾದಾಗ ಎದುರಿನವರು ಸುಳ್ಳು ಹೇಳುತ್ತಿದ್ದಾರೆಂದು ತೀರ್ಮಾನಿಸಬೇಡಿ. ಇಬ್ಬರೂ ಪ್ರಾಮಾಣಿಕರಾಗಿದ್ದು ಇಬ್ಬರೂ ತಪ್ಪಾಗಿರುವುದು ಸಾಧ್ಯ.

ವೈದ್ಯರ ಬಳಿ ಹೋಗಬೇಕಾದಾಗ

ಕಲಿತದ್ದು ನೆಲೆಗೊಳ್ಳುವುದರಲ್ಲಿ ನಿದ್ದೆಗೆ ದೊಡ್ಡ ಪಾತ್ರವಿದೆ, ಆದ್ದರಿಂದ ನಿದ್ದೆಗೆಟ್ಟು ಓದುವುದು ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡಂತೆ. ದೀರ್ಘಕಾಲದ ಒತ್ತಡ, ಖಿನ್ನತೆ, ವಿಟಮಿನ್ ಬಿ12 ಕೊರತೆ, ಥೈರಾಯ್ಡ್ ಗ್ರಂಥಿಯ ಮಂದಗತಿ, ಮದ್ಯಪಾನ, ಕೆಲವು ನಿದ್ರೆಮಾತ್ರೆ ಮತ್ತು ಅಲರ್ಜಿ ಔಷಧಿಗಳು ಸಹ ನೆನಪನ್ನು ಮಂಕಾಗಿಸುತ್ತವೆ. ಇವುಗಳಲ್ಲಿ ಹೆಚ್ಚಿನವು ಸರಿಪಡಿಸಬಹುದಾದವು. ಆದ್ದರಿಂದಲೇ ‘ವಯಸ್ಸಾಯಿತು’ ಎಂದು ಕೈಚೆಲ್ಲುವುದು ಸರಿಯಲ್ಲ.

ಹೆಸರು ತಡವಾಗಿ ನೆನಪಾಗುವುದು ವಯಸ್ಸಿನೊಂದಿಗೆ ಸಹಜವಾಗಿ ಬರುತ್ತದೆ. ಅದೇ ಪ್ರಶ್ನೆಯನ್ನು ಸ್ವಲ್ಪ ಹೊತ್ತಿನಲ್ಲೇ ಮತ್ತೆ ಮತ್ತೆ ಕೇಳುವುದು, ನಿತ್ಯ ಓಡಾಡುವ ದಾರಿಯಲ್ಲಿ ದಿಕ್ಕುತಪ್ಪುವುದು, ರೂಢಿಯಿದ್ದ ಲೆಕ್ಕ ವ್ಯವಹಾರದಲ್ಲಿ ಎಡವುವುದು, ನಿನ್ನೆ ನಡೆದ ಘಟನೆಯನ್ನು ಸುಳಿವು ಕೊಟ್ಟರೂ ಗುರುತಿಸದಿರುವುದು, ಇವು ಹಾಗಲ್ಲ. ಇವು ಕಂಡುಬಂದರೆ ವೈದ್ಯರನ್ನು ಕಾಣಬೇಕು. ಗೊಂದಲ ಗಂಟೆಗಳಲ್ಲಿ ಅಥವಾ ಒಂದೆರಡು ದಿನಗಳಲ್ಲಿ ಹಠಾತ್ತನೆ ಶುರುವಾಗಿದ್ದರೆ, ತಲೆಗೆ ಪೆಟ್ಟು ಬಿದ್ದ ಮೇಲೆ ಬಂದಿದ್ದರೆ, ಅಥವಾ ಮಾತು ತೊದಲುವುದು, ಕೈಕಾಲು ಬಲಗುಂದುವುದು ಜೊತೆಗಿದ್ದರೆ ತಡಮಾಡದೆ ತುರ್ತು ಚಿಕಿತ್ಸೆಗೆ ಒಯ್ಯಬೇಕು. ಉಳಿದಂತೆ ವೈದ್ಯರ ಬಳಿಗೆ ಹೋಗುವಾಗ ತೆಗೆದುಕೊಳ್ಳುತ್ತಿರುವ ಎಲ್ಲ ಔಷಧಿಗಳನ್ನೂ, ಕಳೆದ ಒಂದೆರಡು ತಿಂಗಳಲ್ಲಿ ಏನೇನು ಮರೆತುಹೋಯಿತೆಂಬುದನ್ನು ದಿನಾಂಕ ಹಾಕಿ ಬರೆದ ಹಾಳೆಯನ್ನೂ ಒಯ್ಯಿರಿ, ಮತ್ತು ಬದಲಾವಣೆಯನ್ನು ಹತ್ತಿರದಿಂದ ಗಮನಿಸಿದ ಮನೆಯವರೊಬ್ಬರನ್ನು ಜೊತೆಗೆ ಕರೆದೊಯ್ಯಿರಿ. ತಾನು ಮರೆತದ್ದನ್ನು ಮರೆತವರು ತಾವೇ ಹೇಳಲಾರರು.