ತರುವುದು ಬೇರೆ, ಓದುವುದು ಬೇರೆ: ನಮ್ಮ ಸ್ಕ್ರೇಪರ್ ಚಿಕ್ಕದಾದ ಬಗೆ

ಬೆಂಗಳೂರಿನ ಕೆರೆಗಳ ಬಗ್ಗೆ ಕನ್ನಡದಲ್ಲಿ ಬರುವ ಸುದ್ದಿ, ಲೇಖನಗಳನ್ನು ಒಂದೆಡೆ ಸೇರಿಸುವ ಪ್ರೋಗ್ರಾಂ (ಇಂಥದ್ದಕ್ಕೆ ಸ್ಕ್ರೇಪರ್ ಅಂತಾರೆ) ಒಂದನ್ನು ನಾನು ನೋಡಿಕೊಳ್ಳುತ್ತೇನೆ. ಬೆಳ್ಳಂದೂರು, ವರ್ತೂರು, ಹೆಬ್ಬಾಳ, ಮಡಿವಾಳ, ಜಕ್ಕೂರು ಅಂತ ಹೆಸರುಗಳ ಪಟ್ಟಿ ಇದೆ. ಒಂದೊಂದು ಹೆಸರನ್ನೂ ಸರ್ಚ್ ಎಂಜಿನ್‌ಗೆ ಕೊಡಬೇಕು. ಬಂದ ಪುಟದಿಂದ ತಲೆಬರಹ, ಲಿಂಕ್, ಕೆಳಗಿನ ಎರಡು ಸಾಲು ತೆಗೆಯಬೇಕು. ಬೆಳಿಗ್ಗೆ ಅದನ್ನು ಕೆರೆ ಉಳಿಸುವ ಕೆಲಸದಲ್ಲಿರುವ ನಮ್ಮ ಗುಂಪಿಗೆ ಕಳಿಸಬೇಕು. ಕೆಲಸ ಇಷ್ಟೇ.

ಈ ಕೋಡ್ ಹಲವರ ಕೈ ದಾಟಿ ನನ್ನ ಹತ್ತಿರ ಬಂದಿತ್ತು. ಇಡೀ ಕೆಲಸ ಒಂದೇ ಫಂಕ್ಷನ್ನಿನಲ್ಲಿ, ಅಂದರೆ ಕೋಡ್‌ನ ಒಂದೇ ತುಂಡಿನಲ್ಲಿತ್ತು. ಅದು ಬ್ರೌಸರನ್ನು ತಾನೇ ನಡೆಸುವ ಸೆಲೆನಿಯಂ ಮೂಲಕ ಕ್ರೋಮ್ ತೆರೆಯುತ್ತಿತ್ತು, ಹುಡುಕುವ ಪದ ಟೈಪ್ ಮಾಡುತ್ತಿತ್ತು, ಕಾಯುತ್ತಿತ್ತು. ಆಮೇಲೆ ಪುಟವನ್ನು, ಅಕ್ಷರಗಳ ಮಾದರಿ ಹುಡುಕುವ ರೆಗ್ಯುಲರ್ ಎಕ್ಸ್‌ಪ್ರೆಶನ್‌ನಿಂದ ಕತ್ತರಿಸಿ, ಲಿಂಕ್ ಸ್ವಚ್ಛ ಮಾಡಿ, ಡೇಟಾಬೇಸ್ ನೋಡಿ, ಕೊನೆಗೆ ಮೇಲ್ ಕಳಿಸುತ್ತಿತ್ತು. ನಡುನಡುವೆ ಎಲ್ಲೆಲ್ಲೂ ಟ್ರೈ, ಎಕ್ಸೆಪ್ಟ್, ಪಾಸ್. ಅಂದರೆ ಏನಾದರೂ ಕೆಟ್ಟರೆ ಸುಮ್ನೆ ಮುಂದೆ ಹೋಗು ಅಂತ.

ಈ ಸುಮ್ಮನಿರುವ ಗುಣವೇ ಎಲ್ಲಕ್ಕಿಂತ ದೊಡ್ಡ ತೊಂದರೆ. ಗುಂಪಿನ ಹಿರಿಯರೊಬ್ಬರು ಒಂದು ದಿನ ಫೋನ್ ಮಾಡಿ, "ಏನಪ್ಪಾ, ವಾರದಿಂದ ವರ್ತೂರು ಕೆರೆ ಸುದ್ದಿ ಒಂದೂ ಇಲ್ವಲ್ಲ, ಯಾರೂ ಬರೀತಿಲ್ವಾ?" ಅಂದರು. ಬರೆಯುತ್ತಿದ್ದರು. ಫಲಿತಾಂಶದ ಪುಟದ ಭಾಗಗಳನ್ನು ಗುರುತಿಸುವ ಕ್ಲಾಸ್ ಹೆಸರುಗಳು ಬದಲಾಗಿದ್ದವು. ಕೋಡ್‌ಗೆ ಏನೂ ಸಿಗಲಿಲ್ಲ, ಅದು ಖಾಲಿ ಪಟ್ಟಿ ಕೊಟ್ಟು ಸುಮ್ಮನಾಯಿತು. ಸುದ್ದಿ ಇಲ್ಲದಿರುವುದಕ್ಕೂ ಸುದ್ದಿ ಓದಲು ಬಾರದಿರುವುದಕ್ಕೂ ವ್ಯತ್ಯಾಸ ಗೊತ್ತಿಲ್ಲದ ಪ್ರೋಗ್ರಾಂ ಅದು. ಬೆಳ್ಳಂದೂರಿನಲ್ಲಿ ನೊರೆ ಎದ್ದಾಗ, ಬೆಂಕಿ ಬಿದ್ದಾಗ ಅದನ್ನೇ ನಂಬಿ ಕೂತವರಿದ್ದಾರೆ, ಅಲ್ವಾ?

ಹಾಗಾಗಿ ಮೊದಲು ಆ ಫಂಕ್ಷನ್ನನ್ನು ಎರಡು ಭಾಗ ಮಾಡಿದೆ. ಒಂದು ಭಾಗ ಪುಟವನ್ನು ತರುತ್ತದೆ, ತಂದದ್ದನ್ನು ಹಾಗೇ ಫೈಲಾಗಿ ಇಡುತ್ತದೆ. ಇನ್ನೊಂದು ಭಾಗಕ್ಕೆ ನೆಟ್‌ವರ್ಕ್ ಅಂದರೇನು ಅಂತಲೇ ಗೊತ್ತಿಲ್ಲ. ಅದಕ್ಕೆ ಎಚ್‌ಟಿಎಂಎಲ್ ಪಠ್ಯ, ಅಂದರೆ ಪುಟದ ಮೂಲ ಬರಹ ಕೊಟ್ಟರೆ ಫಲಿತಾಂಶಗಳ ಪಟ್ಟಿ ಕೊಡುತ್ತದೆ, ಅಷ್ಟೇ. ಇಷ್ಟು ಮಾಡಿದ್ದೇ ತಡ, ಉಳಿದದ್ದೆಲ್ಲ ತಾನಾಗಿ ಸಡಿಲವಾಯಿತು. ಫೈಲಾಗಿ ಇಟ್ಟ ಹಳೆಯ ಪುಟಗಳೇ ಟೆಸ್ಟ್ ಆದವು. ಓದುವ ಕೋಡ್ ತಿದ್ದಿದಾಗ ಟೆಸ್ಟ್ ಮಾಡುವ ಸಾಧನವಾದ ಪೈಟೆಸ್ಟ್ ಓಡಿಸಿದರೆ ಕೂಡಲೇ ಉತ್ತರ ಬರುತ್ತದೆ. ಪ್ರತಿ ಸಲ ಸರ್ಚ್ ಎಂಜಿನ್‌ನ ಬಾಗಿಲು ತಟ್ಟಬೇಕಿಲ್ಲ. ಕರೆಂಟ್ ಹೋಗಿ ವೈಫೈ ಇಲ್ಲದ ಸಂಜೆಯೂ ಕೆಲಸ ನಡೆಯುತ್ತದೆ.

ತರುವ ಭಾಗದಲ್ಲಿ ಕೋಡ್ ಬರೆದದ್ದಕ್ಕಿಂತ ಅಳಿಸಿದ್ದೇ ಜಾಸ್ತಿ. ಗೂಗಲ್‌ನ ರೋಬೋಟ್ಸ್ ಫೈಲಿನಲ್ಲಿ (ತಾಣದ ಯಾವ ಪುಟಕ್ಕೆ ಪ್ರೋಗ್ರಾಂಗಳು ಬರಬಹುದು, ಬರಬಾರದು ಅಂತ ಹೇಳುವ ಫೈಲ್) ಹುಡುಕಾಟದ ಪುಟಗಳಿಗೆ ಪ್ರೋಗ್ರಾಂಗಳು ಬರಬೇಡಿ ಅಂತ ನೇರವಾಗಿ ಬರೆದಿದೆ. 1994ರಲ್ಲಿ ಶುರುವಾದ ಈ ಪದ್ಧತಿಗೆ 2022ರಲ್ಲಿ ಆರ್‌ಎಫ್‌ಸಿ 9309 ಎಂಬ ಇಂಟರ್ನೆಟ್ ಮಾನದಂಡದ ದಾಖಲೆಯಾಗಿ ಅಧಿಕೃತ ರೂಪವೂ ಬಂತು. ಬೇಡ ಅಂದ ಮನೆಗೆ ವೇಷ ಹಾಕಿಕೊಂಡು ಹೋಗುವುದಕ್ಕೇ ಹಳೆಯ ಕೋಡ್‌ನ ದೊಡ್ಡ ಪಾಲು ಮೀಸಲಾಗಿತ್ತು. ಬ್ರೌಸರ್ ಹೆಸರು ಬದಲಿಸುವುದು, ಬೇರೆ ಬೇರೆ ಪ್ರಾಕ್ಸಿ (ನಡುವಿನ ಕಂಪ್ಯೂಟರ್) ಮೂಲಕ ಹೋಗುವುದು, ಮನುಷ್ಯರ ಹಾಗೆ ಸ್ಕ್ರಾಲ್ ಮಾಡುವುದು, ಎಲ್ಲ ಇತ್ತು. ಅಷ್ಟನ್ನೂ ತೆಗೆದೆ. ನಮ್ಮ ಫಲಿತಾಂಶಗಳಲ್ಲಿ ಹೆಚ್ಚಿನವು ಕೆಲವೇ ಕನ್ನಡ ಪತ್ರಿಕೆಗಳ ತಾಣಗಳಿಂದ ಬರುತ್ತಿದ್ದವು. ಅವುಗಳಲ್ಲಿ ಆರ್‌ಎಸ್‌ಎಸ್ ಫೀಡ್, ಅಂದರೆ ಹೊಸ ಲೇಖನಗಳ ಪಟ್ಟಿ, ಕೊಡುವವನ್ನು ನೇರವಾಗಿ ಓದಿದರೆ ಸಾಕಾಯಿತು. ಉಳಿದದ್ದಕ್ಕೆ, ನಿಯಮ ಒಪ್ಪುವ ಒಂದು ಸರ್ಚ್ ಎಂಜಿನ್‌ನ ಸಾದಾ ಪುಟ ಇಟ್ಟುಕೊಂಡೆವು. ಅದಕ್ಕೆ ಕ್ರೋಮ್ ಬೇಕಿಲ್ಲ, ಪೈಥಾನ್‌ನ ಪುಟ ತರುವ ರಿಕ್ವೆಸ್ಟ್ಸ್ ಲೈಬ್ರರಿ ಸಾಕು. ಒಂದು ವಿನಂತಿಗೂ ಇನ್ನೊಂದಕ್ಕೂ ನಡುವೆ ಬಿಡುವು ಕೊಡುತ್ತೇವೆ. 429 ಅಂತ ಉತ್ತರ ಬಂದರೆ, ಅಂದರೆ ಜಾಸ್ತಿ ಕೇಳ್ತಿದ್ದೀರಿ ಅಂದರೆ, ಅವತ್ತಿಗೆ ನಿಲ್ಲಿಸುತ್ತೇವೆ.

ಎಪಿಐ, ಅಂದರೆ ಪ್ರೋಗ್ರಾಂಗಳಿಗೆಂದೇ ಸರ್ಚ್ ಎಂಜಿನ್ ತೆರೆದಿಟ್ಟ ದಾರಿ, ಬಳಸಬಾರದಿತ್ತೇ ಅಂತ ಕೇಳುತ್ತಾರೆ. ಸಿಕ್ಕರೆ ಖಂಡಿತ ಬಳಸಿ, ಅದೇ ಸರಿಯಾದ ದಾರಿ. ಆದರೆ ಅದೂ ಶಾಶ್ವತವಲ್ಲ. ಬಿಂಗ್‌ನ ಸರ್ಚ್ ಎಪಿಐ 2025ರ ಆಗಸ್ಟ್ 11ಕ್ಕೆ ನಿಂತುಹೋಯಿತು. ತರುವ ಭಾಗ ಬೇರೆ ಇದ್ದರೆ ಇಂಥ ದಿನ ಬದಲಿಸಬೇಕಾದದ್ದು ಸ್ವಲ್ಪವೇ.

ಈಗ ಓದುವ ಭಾಗ. ಇಲ್ಲಿ ನನಗೆ ಬಹಳ ಇಷ್ಟವಾದ ಕೆಲಸ ಲಿಂಕ್‌ನದು. ಫಲಿತಾಂಶದ ಲಿಂಕ್ ಅನೇಕ ಸಲ ನೇರವಾಗಿ ಪುಟಕ್ಕೆ ಹೋಗುವುದಿಲ್ಲ. ಅದು ಸರ್ಚ್ ಎಂಜಿನ್‌ನದೇ ವಿಳಾಸವಾಗಿದ್ದು, ಅಸಲಿ ವಿಳಾಸ ಅದರೊಳಗೆ ಒಂದು ಪ್ಯಾರಾಮೀಟರ್ ಆಗಿ ಅಡಗಿರುತ್ತದೆ. ಹಳೆಯ ಕೋಡ್ ಅದನ್ನು ಸ್ಪ್ಲಿಟ್, ರಿಪ್ಲೇಸ್, ಮತ್ತೆ ಸ್ಪ್ಲಿಟ್ ಅಂತ ಬಿಡಿಸುತ್ತಿತ್ತು. ಪೈಥಾನ್ ಜೊತೆಗೇ ಬರುವ ಯುಆರ್‌ಎಲ್ ಪಾರ್ಸ್ ಮತ್ತು ಪಾರ್ಸ್ ಕ್ಯೂಎಸ್ ಎಂಬ ವಿಳಾಸ ಬಿಡಿಸುವ ಫಂಕ್ಷನ್‌ಗಳನ್ನು ಬಳಸಿದರೆ ಇದು ಎರಡೇ ಸಾಲು. ಒಂದು ಎಚ್ಚರಿಕೆ ಬೇಕು. ವಿಳಾಸದಲ್ಲಿ ಅಕ್ಷರಗಳನ್ನು ಶೇಕಡಾ ಚಿಹ್ನೆಯ ಸಂಕೇತಗಳಾಗಿ ಬರೆದಿರುತ್ತಾರೆ, ಅದೇ ಎನ್‌ಕೋಡಿಂಗ್. ಪಾರ್ಸ್ ಕ್ಯೂಎಸ್ ತಾನೇ ಅದರ ಒಂದು ಪದರ ಬಿಚ್ಚುತ್ತದೆ. ನೀವು ಮತ್ತೊಮ್ಮೆ ಬಿಚ್ಚಬಾರದು.

ಕನ್ನಡದಲ್ಲಿ ಇದು ಎದ್ದು ಕಾಣುತ್ತದೆ. "ಬೆಂಗಳೂರು" ಅನ್ನುವುದು ಯೂನಿಕೋಡ್‌ನಲ್ಲಿ 8 ಸಂಕೇತ. ಯುಟಿಎಫ್-8ರಲ್ಲಿ ಒಂದೊಂದಕ್ಕೂ 3 ಬೈಟ್, ಒಟ್ಟು 24. ವಿಳಾಸದಲ್ಲಿ ಪ್ರತಿ ಬೈಟ್‌ಗೂ ಶೇಕಡಾ ಚಿಹ್ನೆ ಸೇರಿ 3 ಅಕ್ಷರ, ಹಾಗಾಗಿ 72 ಅಕ್ಷರ ಉದ್ದ. ಕನ್ನಡ ವಿಕಿಪೀಡಿಯದ ಒಂದೇ ಪುಟ ಒಮ್ಮೆ ಈ ಉದ್ದದ ರೂಪದಲ್ಲಿ, ಇನ್ನೊಮ್ಮೆ ಕನ್ನಡ ಲಿಪಿಯಲ್ಲೇ ಬಂದರೆ ಕಂಪ್ಯೂಟರ್‌ಗೆ ಅವು ಎರಡು ಬೇರೆ ಪುಟ. ಹಳೆಯ ಕೋಡ್ ಎರಡೆರಡು ಸಲ ಬಿಚ್ಚುತ್ತಿದ್ದದ್ದರಿಂದ ಸರ್ಚ್ ಎಂಜಿನ್‌ನ ವಿಳಾಸದೊಳಗಿಂದ ತೆಗೆದ ಲಿಂಕ್‌ಗೂ ಅದೇ ಪುಟದ ನೇರ ಲಿಂಕ್‌ಗೂ ಹೊಂದುತ್ತಿರಲಿಲ್ಲ. ಅದನ್ನು ಮುಚ್ಚಲು ಇನ್ನಷ್ಟು ಕೋಡ್ ಇತ್ತು. ಮೂಲ ಸರಿಹೋದ ಮೇಲೆ ಅದೂ ಹೋಯಿತು.

ತಲೆಬರಹದಲ್ಲೂ ಇದೇ ಕಥೆ. "ಸಾಫ್ಟ್‌ವೇರ್" ಅಂತ ಬರೆದಾಗ ಟ್‌ ಆದಮೇಲೆ ಕಣ್ಣಿಗೆ ಕಾಣದ ಒಂದು ಸಂಕೇತ ಕೂತಿರುತ್ತದೆ, ಒತ್ತಕ್ಷರ ಆಗದಂತೆ ತಡೆಯಲು. ಒಂದು ತಾಣದಲ್ಲಿ ಅದು ಇರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ. "ೋ" ಕೂಡ ಒಂದೇ ಸಂಕೇತವಾಗಿರಬಹುದು, ಬಿಡಿ ಭಾಗಗಳಾಗಿಯೂ ಇರಬಹುದು. ಹೋಲಿಸುವಾಗ ಮಾತ್ರ ಎನ್‌ಎಫ್‌ಸಿ ಎಂಬ, ಬಿಡಿ ಭಾಗಗಳನ್ನು ಕೂಡಿಸಿದ ಯೂನಿಕೋಡ್ ರೂಪಕ್ಕೆ ತಂದು, ಆ ಕಾಣದ ಸಂಕೇತ ತೆಗೆಯುತ್ತೇವೆ. ತೋರಿಸುವಾಗ ಮೂಲದಲ್ಲಿ ಹೇಗಿತ್ತೋ ಹಾಗೇ.

ಪುಟದಿಂದ ಭಾಗಗಳನ್ನು ಆರಿಸಲು ಬ್ಯೂಟಿಫುಲ್‌ಸೂಪ್ ಎಂಬ ಪೈಥಾನ್ ಲೈಬ್ರರಿ ಇದೆ. ಅರ್ಥವಿಲ್ಲದ ಅಕ್ಷರಗಳ ಕ್ಲಾಸ್ ಹೆಸರುಗಳನ್ನು ನಂಬುವುದಕ್ಕಿಂತ, ಶೀರ್ಷಿಕೆ ಟ್ಯಾಗ್ ಮತ್ತು ಅದರ ಲಿಂಕ್ ಎನ್ನುವ ಜೋಡಿಯನ್ನು ಹುಡುಕುವುದು ಹೆಚ್ಚು ದಿನ ಬಾಳುತ್ತದೆ.

ಟ್ರೈ, ಪಾಸ್‌ಗಳನ್ನು ಪೂರ್ತಿ ತೆಗೆದೆ. ಓದುವ ಫಂಕ್ಷನ್‌ಗೆ ಈಗ ಮೂರೇ ದಾರಿ. ಫಲಿತಾಂಶ ಸಿಕ್ಕರೆ ಪಟ್ಟಿ. "ಏನೂ ಸಿಗಲಿಲ್ಲ" ಎಂಬ ಸರ್ಚ್ ಎಂಜಿನ್‌ನ ಸಂದೇಶವೇ ಪುಟದಲ್ಲಿದ್ದರೆ ಖಾಲಿ ಪಟ್ಟಿ. ಎರಡೂ ಇಲ್ಲದಿದ್ದರೆ ಎರರ್, ಜೊತೆಗೆ ಆ ಪುಟದ ಫೈಲ್ ಹೆಸರು. ಎರರ್ ಬಂದ ಬೆಳಿಗ್ಗೆ ಗುಂಪಿಗೆ ಹೋಗುವ ಮೇಲ್‌ನಲ್ಲಿ, ಈ ಕೆರೆಯ ಸುದ್ದಿ ಇವತ್ತು ಓದಲಾಗಲಿಲ್ಲ ಅಂತ ಕೆರೆಯ ಹೆಸರಿನ ಮುಂದೆ ಬರೆದಿರುತ್ತದೆ. ಆ ಫೈಲನ್ನೇ ಟೆಸ್ಟ್ ಫೋಲ್ಡರ್‌ಗೆ ಹಾಕಿಕೊಂಡು ನಾನು ಓದುವ ಭಾಗವನ್ನು ತಿದ್ದುತ್ತೇನೆ.