ಡೆನ್ವರ್ ಹೊಸಬರೇ, ಮೊದಲು ಮುಚ್ಚಿಹೋದ ಸ್ಕೀ ಗುಡ್ಡಕ್ಕೆ ಹೋಗಿ

ನವೆಂಬರ್ ಬಂತೆಂದರೆ ಅಮೆರಿಕದ ಡೆನ್ವರ್‌ನಲ್ಲಿ ಎಲ್ಲರದೂ ಒಂದೇ ಪ್ರಶ್ನೆ: "ಸ್ಕೀ ಮಾಡ್ತೀರಾ?" ಕಾಲಿಗೆ ಉದ್ದ ಪಟ್ಟಿ ಕಟ್ಟಿಕೊಂಡು ಹಿಮದ ಮೇಲೆ ಜಾರುವ ಆಟ ಅದು. ಇಲ್ಲ ಅನ್ನೋಕೆ ನಮ್ಮ ಕನ್ನಡದವರಿಗೆ ಸಂಕೋಚ. ತಕ್ಷಣ ನಾಲ್ಕು ಮನೆಯವರು ಸೇರಿ ದೊಡ್ಡ ರೆಸಾರ್ಟಿಗೆ ಹೊರಟೇಬಿಡುತ್ತೇವೆ. ಗುಡ್ಡದ ಮೇಲಕ್ಕೆ ಒಯ್ಯುವ ಲಿಫ್ಟಿನ ಟಿಕೆಟ್, ಬಾಡಿಗೆ ಬೂಟು, ಪಾಠ, ಪಾರ್ಕಿಂಗ್ ಅಂತ ಕೈ ಖಾಲಿಯಾಗುತ್ತದೆ. ಮಕ್ಕಳು ಬೂಟು ಕಚ್ಚುತ್ತಿದೆ ಅಂತ ಅಳುತ್ತಾರೆ. ಅಪ್ಪಂದಿರು ಜೀನ್ಸ್ ಒದ್ದೆ ಮಾಡಿಕೊಂಡು ನಡುಗುತ್ತಾ ಕಾಫಿಗೆ ಕ್ಯೂ ನಿಲ್ಲುತ್ತಾರೆ. ನಾವೂ ಹೀಗೇ ಹೋಗಿ ಬಂದವರು. ಫೋಟೋ ಮಾತ್ರ ಚೆನ್ನಾಗಿ ಬಂದಿವೆ.

ಅದರ ಬದಲು ಹಿಡನ್ ವ್ಯಾಲಿಗೆ ಹೋಗಿ. ರಾಕಿ ಮೌಂಟನ್ ರಾಷ್ಟ್ರೀಯ ಉದ್ಯಾನದ ಒಳಗೆ, ಎಸ್ಟೆಸ್ ಪಾರ್ಕ್ ಊರು ದಾಟಿ ಸ್ವಲ್ಪ ದೂರದಲ್ಲಿದೆ. ಸ್ಕೀ ರೆಸಾರ್ಟ್ ಆಗಿ ಅದು ಸತ್ತು ಎಷ್ಟೋ ವರ್ಷವಾಯಿತು. ನಮಗೆ ಅನುಕೂಲವಾಗಿದ್ದೂ ಅದೇ.

ರಾಷ್ಟ್ರೀಯ ಉದ್ಯಾನದಲ್ಲಿ ಲಿಫ್ಟು, ಲಾಡ್ಜು ಯಾಕಿತ್ತು ಅಂತ ಕೇಳಬಹುದು. ಆಗಲೂ ಜನ ಅದನ್ನೇ ಕೇಳಿದ್ದರು. ಕಾಡು ಕಾಯಬೇಕಾದವರು ಮರ ಕಡಿದು ಇಳಿಜಾರು ಮಾಡುವುದೇ ಅಂತ ಒಂದು ಕಡೆ. ಚಳಿಗಾಲದಲ್ಲಿ ಪ್ರವಾಸಿಗರಿಲ್ಲದೆ ಅಂಗಡಿ ಮುಚ್ಚುವ ಎಸ್ಟೆಸ್ ಪಾರ್ಕಿನವರು ಇನ್ನೊಂದು ಕಡೆ. ಕೊನೆಗೆ ಊರಿನವರ ಮಾತು ನಡೆದು 1955ರಲ್ಲಿ ಲಿಫ್ಟು ಶುರುವಾಯಿತು. ಟ್ರೇಲ್ ರಿಡ್ಜ್ ರಸ್ತೆಯಲ್ಲಿ ಬಸ್ ಹತ್ತಿಸಿ ಜನರನ್ನು ಮೇಲಕ್ಕೆ ಬಿಡುತ್ತಿದ್ದರು. ಅವರು ಅಲ್ಲಿಂದ ಜಾರಿಕೊಂಡು ಕೆಳಗೆ ಬರುತ್ತಿದ್ದರು. ಎಸ್ಟೆಸ್ ಪಾರ್ಕಿನ ಎಷ್ಟೋ ಮಕ್ಕಳು ಸ್ಕೀ ಕಲಿತದ್ದು ಇಲ್ಲೇ.

ಗಾಳಿ ಮಾತ್ರ ಅವರ ಕಡೆ ಇರಲಿಲ್ಲ. ಬಿದ್ದ ಹಿಮವನ್ನು ಗುಡಿಸಿಕೊಂಡು ಹೋಗುವಂಥ ಗಾಳಿ ಅದು. ಅಷ್ಟರಲ್ಲಿ ಬೆಟ್ಟಸಾಲಿನ ಆಚೆ ದೊಡ್ಡ ಸ್ಕೀ ರೆಸಾರ್ಟುಗಳು ಬಂದವು: ಬ್ರೆಕೆನ್‌ರಿಜ್ 1961ರಲ್ಲಿ, ವೇಲ್ 1962ರಲ್ಲಿ. 1973ರಲ್ಲಿ ಆ ಬೆಟ್ಟಸಾಲು ಕೊರೆದ ಐಸೆನ್‌ಹವರ್ ರಸ್ತೆ ಸುರಂಗ ತೆರೆಯಿತು. ಅದಕ್ಕೂ ಮುಂಚೆ ಲವ್‌ಲ್ಯಾಂಡ್ ಪಾಸ್ ಅನ್ನೋ ಘಟ್ಟ ಹತ್ತಿ ಇಳಿಯಬೇಕಿತ್ತು. ಸುರಂಗ ಬಂದ ಮೇಲೆ ಡೆನ್ವರಿನವರು ಸೀದಾ ಆ ಕಡೆ ಹೊರಟರು. ಸಣ್ಣ ಗುಡ್ಡ ಎಷ್ಟು ದಿನ ತಡೆದೀತು? ಹೆಸರನ್ನು ಸ್ಕೀ ಎಸ್ಟೆಸ್ ಪಾರ್ಕ್ ಅಂತ ಬದಲಿಸಿದರೂ ಉಳಿಯಲಿಲ್ಲ. 1991ರಲ್ಲಿ ಬಾಗಿಲು ಹಾಕಿತು. ಲಿಫ್ಟು ಕಿತ್ತರು, ಲಾಡ್ಜ್ ಕೆಡವಿದರು. ಮರ ಕಡಿದ ಪಟ್ಟೆಗಳು ಕಾಡಿನ ನಡುವೆ ಇನ್ನೂ ಕಾಣುತ್ತವೆ.

ಈಗ ಇಡೀ ಉದ್ಯಾನದಲ್ಲಿ ಮಕ್ಕಳು ಸ್ಲೆಡ್ ಮೇಲೆ, ಅಂದರೆ ಕೂತು ಜಾರುವ ಹಿಮದ ಬಂಡಿಯ ಮೇಲೆ, ಜಾರಲು ಬಿಡುವುದು ಇಲ್ಲಿ ಮಾತ್ರ. ಹಳೇ ಕಾಲದಲ್ಲಿ ಕಲಿಯುವವರಿಗೆ ಬಿಟ್ಟಿದ್ದ ಇಳಿಜಾರಿನ ಬುಡ ಅದು, ಜಾಸ್ತಿ ಕಡಿದಾಗಿಲ್ಲ. ಲಿಫ್ಟ್ ಇಲ್ಲ. ನಿಮ್ಮ ಸ್ಲೆಡ್ ನೀವೇ ತನ್ನಿ, ನೀವೇ ಎಳೆದುಕೊಂಡು ಹತ್ತಿ. ಹತ್ತುವಾಗ ಉಸಿರು ಕಟ್ಟಿದರೆ ಗಾಬರಿ ಬೇಡ. ನಮ್ಮ ಮುಳ್ಳಯ್ಯನಗಿರಿಯ ತುದಿಯೇ 6,300 ಅಡಿ ಚಿಲ್ಲರೆ. ಇಲ್ಲಿ ಗಾಡಿ ನಿಲ್ಲಿಸುವ ಜಾಗವೇ 9,000 ಅಡಿ ದಾಟಿದೆ. ನೀರು ಜಾಸ್ತಿ ಕುಡಿಯಿರಿ. ಜೀನ್ಸು, ಹತ್ತಿಯ ಕಾಲುಚೀಲ ಮನೆಯಲ್ಲೇ ಇರಲಿ. ಚಿತ್ರಾನ್ನ ಆ ಚಳಿಗೆ ಕಲ್ಲಾಗುತ್ತದೆ, ಫ್ಲಾಸ್ಕಿನಲ್ಲಿ ಬಿಸಿ ಸಾರು ತನ್ನಿ. ಪ್ರವೇಶ ಶುಲ್ಕ, ಗುರುತಿನ ಚೀಟಿ, ಹಿಮದ ಟೈರು ಇವನ್ನೆಲ್ಲ ಹೊರಡುವ ಮುಂಚೆ ಉದ್ಯಾನದ ವೆಬ್‌ಸೈಟಿನಲ್ಲಿ ನೋಡಿಕೊಳ್ಳಿ.

ಊರಿನಲ್ಲಿ ನಮಗೆ ಕೆರೆ ಏರಿ ಇತ್ತು, ಶಾಲೆ ಹಿಂದಿನ ಗುಡ್ಡ ಇತ್ತು. ಅಲ್ಲಿ ಆಡೋಕೆ ಹೆಸರು ಬರೆಸಬೇಕಿರಲಿಲ್ಲ. ಇಲ್ಲಿ ಮಕ್ಕಳ ಪ್ರತಿ ಆಟಕ್ಕೂ ಒಂದು ಅರ್ಜಿ, ಒಂದು ಫೀಸು, ಬಿದ್ದರೆ ನಾವೇ ಹೊಣೆ ಅಂತ ಒಂದು ಸಹಿ. ಇದನ್ನೆಲ್ಲ ಕಳೆದುಕೊಂಡವರು ನಾವು ಮಾತ್ರ ಅಂತ ಬಹಳ ದಿನ ಅಂದುಕೊಂಡಿದ್ದೆ. ಒಂದು ಸಲ ಆ ಇಳಿಜಾರಿನಲ್ಲಿ ಮೊಮ್ಮಗನ ಸ್ಲೆಡ್ ಹಿಡಿದು ನಿಂತಿದ್ದ ಸ್ಥಳೀಯ ಅಜ್ಜರೊಬ್ಬರು ಮಾತಿಗೆ ಸಿಕ್ಕರು. ಲಿಫ್ಟ್ ಎಲ್ಲಿತ್ತು, ಬಸ್ ಎಲ್ಲಿ ನಿಲ್ಲುತ್ತಿತ್ತು ಅಂತ ಕೈ ಮಾಡಿ ತೋರಿಸಿದರು. ಥೇಟ್ ನಮ್ಮೂರಿನವರು ಹೂಳು ತುಂಬಿದ ಕೆರೆ ತೋರಿಸುವ ಹಾಗೆ. ನಮ್ಮ ಮಕ್ಕಳಿಗಂತೂ ಈ ತಕರಾರೇ ಇಲ್ಲ. ಅವರಿಗೆ ಇದು ಸುಮ್ನೆ "ನಮ್ಮ ಗುಡ್ಡ". ಅಲ್ವಾ, ಹುಟ್ಟಿದ್ದು ಇಲ್ಲೇ ಆದಮೇಲೆ ಇನ್ನೇನು ಅನ್ನಬೇಕು?

ಸ್ಕೀ ಕಲಿಯಲೇಬೇಡಿ ಅಂತ ನಾನು ಹೇಳುತ್ತಿಲ್ಲ. ಹಿಮದಲ್ಲಿ ಬಿದ್ದು ಏಳೋದು ಅಭ್ಯಾಸ ಆದಮೇಲೆ ದುಡ್ಡು ಹಾಕಿ.

ಆದರೆ ಮುಚ್ಚಿದ ಜಾಗವೆಲ್ಲ ಹೀಗೇ ಅಂದುಕೊಳ್ಳಬೇಡಿ. ಡೆನ್ವರಿನ ಪಶ್ಚಿಮಕ್ಕಿರುವ ಬರ್ತೌಡ್ ಪಾಸ್ ಘಟ್ಟದಲ್ಲಿ 1937ರಿಂದ ಸ್ಕೀ ಲಿಫ್ಟು ನಡೆಯುತ್ತಿತ್ತು, 2001ರಲ್ಲಿ ಲಿಫ್ಟು ನಿಂತಿತು. ಈಗಲೂ ಪಳಗಿದವರು ಬೆನ್ನಿಗೆ ಸಾಮಾನು ಕಟ್ಟಿಕೊಂಡು ಹತ್ತುವುದು ರಸ್ತೆಯಿಂದಲೇ ಕಾಣುತ್ತದೆ. ಅಲ್ಲಿ ಹಿಮಕುಸಿತದ ಅಪಾಯ ನಿಜವಾದದ್ದು. ಅವರನ್ನು ನೋಡಿ ಮಕ್ಕಳನ್ನು ಕಟ್ಟಿಕೊಂಡು ಸ್ಲೆಡ್ ಎಳೆದು ಹೊರಡಬೇಡಿ. ಹಿಡನ್ ವ್ಯಾಲಿಯಲ್ಲೂ ಮೇಲಿನ ಇಳಿಜಾರಿಗೆ ಹೋಗದೆ ಬುಡದಲ್ಲೇ ಆಡಿಸಿ.